ಆರ್ಗ್ಯಾನಿಕ್ ಕೆಮಿಸ್ಟ್ರಿ ಎಲ್ಲಿಂದ ಶುರು ಮಾಡ್ಬೇಕು? ಫಸ್ಟ್ ಪಿಯು, ತಲೆ ಬುಡ ಗೊತ್ತಾಗ್ತಿಲ್ಲ

ಶೇಂಗಾ_ಹೊಲ:
ಎಲ್ರಿಗೂ ನಮಸ್ಕಾರ. ನಮ್ದು ಚಳ್ಳಕೆರೆ ಕಡೆ ಹಳ್ಳಿ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಈಗ ದಾವಣಗೆರೇಲಿ ಹಾಸ್ಟೆಲ್‌ನಾಗೆ ಇದ್ಕೊಂಡು ಫಸ್ಟ್ ಪಿಯು ಸೈನ್ಸ್ ಓದ್ತಿದೀನಿ. ಮೋಲ್ ಕಾನ್ಸೆಪ್ಟ್, ಥರ್ಮೋ ಲೆಕ್ಕ ಎಲ್ಲಾ ಹೆಂಗೋ ಆಗ್ತವೆ ಆದ್ರೆ ಆರ್ಗ್ಯಾನಿಕ್ ಶುರುವಾದ ಮೇಲೆ ಬೋರ್ಡ್ ತುಂಬ ಬರೀ ಅಂಕುಡೊಂಕು ಗೆರೆ, ಬಾಣ, ಯಾರ್ಯಾರದೋ ಹೆಸರಿನ ರೂಲು, ಒಂದೂ ತಲೆಗೆ ಹತ್ತಂಗಿಲ್ಲ. ರೂಮ್‌ಮೇಟ್ ಕೇಳಿದ್ರೆ ಎಲ್ಲಾ ಬಾಯಿಪಾಠ ಮಾಡು ಅಂತಾನೆ. ನಿಜವಾಗ್ಲೂ ಬಾಯಿಪಾಠಾನೇನಾ? ಎಲ್ಲಿಂದ ಹಿಡ್ಕಬೇಕು ಹೇಳ್ರಣ್ಣ ಯಾರಾದ್ರೂ.

ಬೆಣ್ಣೆದೋಸೆ_ಬಾಯ್:
ಬಾಯಿಪಾಠಾನೇ ಕಣೋ. ನಾನು ಹಂಗೇ ಪಾಸಾಗಿದ್ದು. ಈಗ ಸಿವಿಲ್ ಇಂಜಿನಿಯರಿಂಗ್, ಬೆಂಜೀನ್ ಮುಖ ನೋಡಂಗಿಲ್ಲ 😂

ಪಿಬಿ_ರೋಡ್:
ತಮಾಷೆ ಬಿಡ್ರಿ. ಸಿಇಟಿ, ನೀಟ್ ಬರೆಯೋರು ಆದ್ರೆ ಒಂದು ಚಾರ್ಟ್ ಮಾಡ್ಕೊಂಡು ಎಲ್ಲಾ ರಿಯಾಕ್ಷನ್ ಗೋಡೆಗೆ ಅಂಟಿಸಿಬಿಡು, ದಿನಾ ಬೆಳಗ್ಗೆ ಎದ್ದು ನೋಡು. ಟ್ಯೂಷನ್‌ಲ್ಲಿ ಎಲ್ರೂ ಇದನ್ನೇ ಮಾಡ್ಸೋದು.

ತೋಳಹುಣಸೆ_ಅಕ್ಕ:
ಚಾರ್ಟ್ ಆಮೇಲೆ ಆಯ್ತು, ಈಗ್ಲೇ ಬೇಡ ಪುಟ್ಟ. ನಾನು ಎಂಎಸ್ಸಿ ಕೆಮಿಸ್ಟ್ರಿ ಮಾಡಿ ಈಗ ಪಿಯು ಹುಡುಗ್ರಿಗೇ ಪಾಠ ಮಾಡ್ತಿರೋದು, ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ಎಡವೋ ಜಾಗ ಯಾವಾಗ್ಲೂ ಒಂದೇ. ಹೆಸರಿನ ರಿಯಾಕ್ಷನ್‌ಗೆ ಹಾರ್ತಾರೆ, ಗೆರೆ ಓದೋಕೆ ಬರಂಗಿಲ್ಲ. ಮೊದ್ಲು ಗೆರೆ ಓದೋದು ಕಲಿ.

ಕಾರ್ಬನ್ನಿಗೆ ನಾಲ್ಕು ಬಂಧ. ಮೂರಲ್ಲ, ಐದಲ್ಲ, ಫಸ್ಟ್ ಪಿಯು ಮಟ್ಟಿಗೆ ಬಹುತೇಕ ಎಲ್ಲಾ ಕಡೆ ನಾಲ್ಕೇ. ಹೈಡ್ರೋಜನ್ನಿಗೆ ಒಂದು, ಆಕ್ಸಿಜನ್ನಿಗೆ ಎರಡು, ನೈಟ್ರೋಜನ್ನಿಗೆ ಮೂರು. ಬೋರ್ಡ್ ಮೇಲಿನ ಅಂಕುಡೊಂಕು ಗೆರೇಲಿ ಪ್ರತಿ ಮೂಲೇಲೂ ಒಂದು ಕಾರ್ಬನ್, ಎರಡು ತುದೀಲೂ ಒಂದೊಂದು ಕಾರ್ಬನ್, ಹೈಡ್ರೋಜನ್ ಬರೆದೇ ಇರಲ್ಲ, ನಾಲ್ಕು ತುಂಬೋಕೆ ಎಷ್ಟು ಕಮ್ಮಿ ಬಿದ್ದಿದೆಯೋ ಅಷ್ಟು ಹೈಡ್ರೋಜನ್ ಅಲ್ಲಿ ಐತೆ ಅಂತ ನೀನೇ ಅಂದ್ಕೊಬೇಕು. ಒಂದು ವಾರ ಇದನ್ನೇ ಮಾಡು. ನಿಮ್ಮ ಪುಸ್ತಕದಲ್ಲಿರೋ ಯಾವ್ದೇ ಗೆರೆ ಚಿತ್ರ ತಗೊಂಡು ಅದರ ಕಾರ್ಬನ್, ಹೈಡ್ರೋಜನ್ ಎಲ್ಲಾ ಬಿಡಿಸಿ ಬರೆ. ಬೇಜಾರು ಬರುತ್ತೆ, ಬರಲಿ.

ಮಿಕ್ಕ ಧಾತುಗಳನ್ನ ಬಿಟ್ಟು ಕಾರ್ಬನ್ನಿಗೇ ಯಾಕೆ ಇಷ್ಟು ದೊಡ್ಡ ಪುಸ್ತಕ ಅಂದ್ರೆ, ಅದು ತನ್ನ ಜತೆ ತಾನೇ ಉದ್ದುದ್ದಕ್ಕೆ ಜೋಡಿಸಿಕೊಂಡು ಹೋಗುತ್ತೆ, ಆ ಕಾರ್ಬನ್-ಕಾರ್ಬನ್ ಬಂಧ ಮುರಿಯೋಕೆ ಒಂದು ಮೋಲ್‌ಗೆ 348 ಕಿಲೋಜೌಲ್ ಆಸುಪಾಸು ಬೇಕು. ಅದರ ಕೆಳಗೇ ಇರೋ ಸಿಲಿಕಾನ್ ಕೂಡ ನಾಲ್ಕು ಬಂಧದ್ದೇ, ಆದ್ರೆ ಸಿಲಿಕಾನ್-ಸಿಲಿಕಾನ್ ಅಷ್ಟು ಗಟ್ಟಿ ಇಲ್ಲ, ಉದ್ದ ಸರಪಳಿ ನಿಲ್ಲಂಗಿಲ್ಲ.

ಶೇಂಗಾ_ಹೊಲ:
ಥ್ಯಾಂಕ್ಸ್ ಅಕ್ಕ. ಮೂಲೆ ಅಂದ್ರೆ ಕಾರ್ಬನ್ ಅನ್ನೋದು ಯಾರೂ ಹೇಳಿರ್ಲಿಲ್ಲ!! ಆದ್ರೆ ಒಂದು ಡೌಟು, ಮೀಥೇನ್‌ನ ಪ್ಲಸ್ ಗುರುತಿನ ಥರ ಬರೀತಾರೆ, ಪುಸ್ತಕದಾಗೆ 109.5 ಡಿಗ್ರಿ ಅಂತ ಐತೆ. ಪ್ಲಸ್ ಅಂದ್ರೆ 90 ಅಲ್ವಾ?

ತೋಳಹುಣಸೆ_ಅಕ್ಕ:
ಒಳ್ಳೆ ಪ್ರಶ್ನೆ. ಪ್ಲಸ್ ಬರೆಯೋದು ಹಾಳೆ ಚಪ್ಪಟೆ ಇರೋದಕ್ಕೆ ಅಷ್ಟೆ. ಇವತ್ತು ರಾತ್ರಿ ಒಂದು ಹಿಡಿ ಒಣ ಬಟಾಣಿ ನೆನೆಹಾಕು, ನಾಳೆ ಮೆತ್ತಗಾಗಿರುತ್ತೆ, ಒಂದು ಬಟಾಣಿಗೆ ನಾಲ್ಕು ಟೂತ್‌ಪಿಕ್ ಚುಚ್ಚು, ನಾಲ್ಕೂ ಒಂದಕ್ಕೊಂದು ಆದಷ್ಟು ದೂರ ಇರ್ಬೇಕು. ಟೇಬಲ್ ಮೇಲೆ ಇಟ್ರೆ ಮೂರು ಕಡ್ಡಿ ಮೇಲೆ ನಿಂತ್ಕೊಂಡು ನಾಲ್ಕನೇದು ನೆಟ್ಟಗೆ ಮೇಲೆ ನೋಡ್ಬೇಕು, ಹೆಂಗೆ ಉರುಳಿಸಿದ್ರೂ ಅದೇ ಆಕಾರ ಬರ್ಬೇಕು. ಅದೇ 109.5. ಬಂಧದ ಎಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ತಳ್ಳೋದ್ರಿಂದ ಅಷ್ಟು ದೂರ ಹೋಗ್ತವೆ. 1874ರಲ್ಲಿ ವಾಂಟ್ ಹಾಫ್ ಮತ್ತೆ ಲೆ ಬೆಲ್ ಅಂತ ಇಬ್ರು ಬೇರೆ ಬೇರೆಯಾಗಿ ಇದನ್ನ ಹೇಳಿದ್ದು, ಅಣು ನೋಡೋ ಯಾವ ಮಿಷಿನ್ನೂ ಇಲ್ದೇ. ವಾಂಟ್ ಹಾಫ್‌ಗೇ ಆಮೇಲೆ 1901ರಲ್ಲಿ ಕೆಮಿಸ್ಟ್ರಿಯ ಮೊದಲನೇ ನೊಬೆಲ್ ಬಂತು, ಅದು ಬೇರೆ ಕೆಲಸಕ್ಕೆ.

ಬೆಣ್ಣೆದೋಸೆ_ಬಾಯ್:
ಹಾಸ್ಟೆಲ್ ಅಡುಗೆ ಭಟ್ರು ಬಟಾಣಿ ಲೆಕ್ಕ ಕೇಳ್ತಾರೆ ಹುಷಾರು

ಪಿಬಿ_ರೋಡ್:
ಅಕ್ಕಾವ್ರೇ ಇದೆಲ್ಲಾ ಸರಿ, ಬಟಾಣಿ ಚುಚ್ಚಿದ್ರೆ ಮಾರ್ಕ್ಸ್ ಬರ್ತಾವಾ? ಸಿಲಬಸ್ ನೋಡಿದೀರಾ, ಸೆಕೆಂಡ್ ಪಿಯುನಲ್ಲಿ ಆಲ್ಕೋಹಾಲ್, ಆಲ್ಡಿಹೈಡ್, ಅಮೈನ್ ಅಂತ ಸಾಲು ಸಾಲು ರಿಯಾಕ್ಷನ್. ಅಷ್ಟನ್ನ ಅರ್ಥ ಮಾಡ್ಕೊಂಡು ಕೂತ್ರೆ ಪರೀಕ್ಷೆ ಮುಗಿದಿರುತ್ತೆ.

ದುರ್ಗದ_ಫಾರ್ಮಸಿ:
ನಾನೊಂದು ಹೇಳ್ಲಾ. ಚಿತ್ರದುರ್ಗದಲ್ಲಿ ಮೆಡಿಕಲ್ ಸ್ಟೋರ್ ನಂದು, ಬಿ ಫಾರ್ಮಾ ಓದಿದ್ದು. ಮಳೆಗಾಲದಲ್ಲಿ ತೇವ ಹೊಕ್ಕ ಹಳೇ ಆಸ್ಪಿರಿನ್ ಡಬ್ಬಿ ಮುಚ್ಚಳ ತೆಗೆದ್ರೆ ವಿನೆಗರ್ ವಾಸನೆ ಬರುತ್ತೆ. ಆಸ್ಪಿರಿನ್‌ನಲ್ಲಿ ಒಂದು ಎಸ್ಟರ್ ಗುಂಪು (ಆಸಿಡ್‌ಗೆ ಓಎಚ್ ಇರೋ ಇನ್ನೊಂದು ಅಣು ಸೇರಿ ಆಗೋ ಕೊಂಡಿ) ಇರುತ್ತೆ, ನೀರಿನ ಪಸೆ ತಾಗಿದ್ರೆ ಅದು ಒಡೆದು ಸ್ಯಾಲಿಸಿಲಿಕ್ ಆಸಿಡ್ ಒಂದು ಕಡೆ, ಅಸಿಟಿಕ್ ಆಸಿಡ್ ಒಂದು ಕಡೆ. ಆ ಅಸಿಟಿಕ್ ಆಸಿಡ್‌ದೇ ವಾಸನೆ. ಹಂಗೆ ಬಂದ್ರೆ ಮಾತ್ರೆ ಬಿಸಾಕ್ಬೇಕು, ಯಾರೂ ನುಂಗ್ಬೇಡಿ.

ಕಾಲೇಜಲ್ಲಿ ಇದನ್ನ ಎಸ್ಟರ್ ಹೈಡ್ರಾಲಿಸಿಸ್ ಅಂತ ಉರು ಹೊಡೆದಿದ್ದೆ, ಡಬ್ಬಿ ಮೂಸಿದ ಮೇಲೆ ಮರ್ತೇ ಇಲ್ಲ.

ತೋಳಹುಣಸೆ_ಅಕ್ಕ:
ಇದನ್ನೇ ಹಿಡ್ಕೊಂಡು ಪಿಬಿ ರೋಡ್ ಅವ್ರಿಗೆ ಉತ್ತರ ಹೇಳ್ತೀನಿ. ನಮ್ಮೂರ ಬೆಣ್ಣೆ ದೋಸೆ ಬೆಣ್ಣೆ ಹೊರಗಿಟ್ಟು ಹಳೇದಾದ್ರೆ ಏನಾಗುತ್ತೆ? ಮುಗ್ಗಲು ವಾಸನೆ. ಬೆಣ್ಣೆ ಕೊಬ್ಬೂ ಎಸ್ಟರ್ರೇ, ಗ್ಲಿಸರಾಲ್ ಜತೆ ಮೂರು ಆಸಿಡ್ ಕಟ್ಟಿಕೊಂಡಿರುತ್ತೆ. ನೀರು, ಕ್ರಿಮಿ, ಕಿಣ್ವ ಸೇರಿ ಅದನ್ನ ಒಡೆದ್ರೆ ಬ್ಯುಟಿರಿಕ್ ಆಸಿಡ್ ಹೊರಗೆ ಬರುತ್ತೆ, ನಾಲ್ಕು ಕಾರ್ಬನ್ನಿಂದು, ಪುಸ್ತಕದ ಹೆಸರು ಬ್ಯುಟನೋಯಿಕ್ ಆಸಿಡ್. ಆ ನಾತ ಅದರದ್ದೇ (ಬೆಣ್ಣೆ ಕೆಡೋಕೆ ಗಾಳಿಯ ಆಕ್ಸಿಜನ್ ದಾರಿ ಇನ್ನೊಂದು ಐತೆ, ಅದು ಬೇರೆ ಕಥೆ). ಈಗ ನೋಡು, ದುರ್ಗದ ಆಸ್ಪಿರಿನ್, ದಾವಣಗೆರೆ ಬೆಣ್ಣೆ, ಎರಡೂ ಒಂದೇ ರಿಯಾಕ್ಷನ್. ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಸೋಪ್ ಮಾಡೋದೂ ಇದೇ ಒಡೆಯೋ ಕೆಲಸ, ಕ್ಷಾರ ಇರೋದ್ರಿಂದ ಆಸಿಡ್ ಬದಲು ಅದರ ಸೋಡಿಯಂ ಉಪ್ಪು ಸಿಗುತ್ತೆ, ಅದೇ ಸೋಪು. ಚಾರ್ಟ್‌ನಲ್ಲಿ ಮೂರು ಕಡೆ ಬರೆದು ಮೂರು ಸಲ ಉರು ಹೊಡೆಯೋದಾ, ಇಲ್ಲಾ ಎಸ್ಟರ್ ಅಂದ್ರೆ ಏನಾಗುತ್ತೆ ಅಂತ ಒಂದು ಸಲ ತಿಳ್ಕೊಳ್ಳೋದಾ?

ಇನ್ನೊಂದು ಮಜಾ ಕೇಳು. ಅದೇ ನಾರೋ ಬ್ಯುಟನೋಯಿಕ್ ಆಸಿಡ್‌ಗೆ ಎಥನಾಲ್ ಸೇರಿಸಿ ಸ್ವಲ್ಪ ಗಂಧಕಾಮ್ಲ ಹಾಕಿ ಬಿಸಿ ಮಾಡಿದ್ರೆ ಎಥೈಲ್ ಬ್ಯುಟನೋಯೇಟ್, ಅನಾನಸ್ ಘಮ. ಕಾರ್ಬನ್ ಸರಪಳಿ ಹಂಗೇ ಐತೆ, ಕೊನೇ ಗುಂಪು ಆಸಿಡ್‌ನಿಂದ ಎಸ್ಟರ್ ಆಯ್ತು ಅಷ್ಟೇ. ಅದಕ್ಕೇ ಯಾವ ಅಣು ನೋಡಿದ್ರೂ ಮೊದ್ಲು ಕಣ್ಣು ಹೋಗ್ಬೇಕಾಗಿದ್ದು ಆ ಕ್ರಿಯಾಗುಂಪಿನ ಕಡೆ, ಉದ್ದ ಬಾಲದ ಕಡೆ ಅಲ್ಲ.

ಗಾಣದ_ಮನೆ:
ಚಳ್ಳಕೆರೆ ಹುಡುಗ ಅಂದ್ಯಲ್ಲ, ನಮ್ಮದೂ ಅಲ್ಲೇ, ಶೇಂಗಾ ಎಣ್ಣೆ ಗಾಣ. ನಿಂಗೊಂದು ಮನೆ ಉದಾಹರಣೆ. ಚಳಿಗಾಲದ ಬೆಳಗ್ಗೆ ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ ಬಾಟ್ಲಲ್ಲೇ ಬೆಳ್ಳಗೆ ಗಟ್ಟಿ ಆಗಿರುತ್ತೆ, ಪಕ್ಕದಲ್ಲಿರೋ ಶೇಂಗಾ ಎಣ್ಣೆ ಆರಾಮಾಗಿ ಸುರೀತದೆ. ಕೊಬ್ಬರಿ ಎಣ್ಣೇಲಿ ಬಹುಪಾಲು ಪರ್ಯಾಪ್ತ ಸರಪಳಿ, ಎಲ್ಲಾ ಒಂಟಿ ಬಂಧ, ನೆಟ್ಟಗೆ ಒತ್ತೊತ್ತಾಗಿ ಕೂರ್ತವೆ, 24 ಡಿಗ್ರಿ ಹತ್ರಾನೇ ಹೆಪ್ಪುಗಟ್ಟುತ್ತೆ. ಶೇಂಗಾದಲ್ಲಿ ಜೋಡಿ ಬಂಧ ಜಾಸ್ತಿ, ಜೋಡಿ ಬಂಧ ಇರೋ ಕಡೆ ಸರಪಳಿ ಬಗ್ಗಿರುತ್ತೆ, ಒತ್ತಾಗಿ ಕೂರೋಕೆ ಆಗಂಗಿಲ್ಲ.

ಲ್ಯಾಬಿಗೆ ಸ್ಯಾಂಪಲ್ ಕೊಟ್ರೆ ಅಯೋಡಿನ್ ವ್ಯಾಲ್ಯೂ ಅಂತ ಬರ್ಕೊಡ್ತಾರೆ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಕುಡೀತದೆ ಅಂತ. ಜೋಡಿ ಬಂಧಕ್ಕೇ ಅಯೋಡಿನ್ ಹೋಗಿ ಸೇರೋದು, ಹಂಗಾಗಿ ನಂಬರ್ ಜಾಸ್ತಿ ಅಂದ್ರೆ ಜೋಡಿ ಬಂಧ ಜಾಸ್ತಿ. ಶೇಂಗಾ ಎಣ್ಣೆ 85ರಿಂದ 99, ಕೊಬ್ಬರಿ ಎಣ್ಣೆ 7.5ರಿಂದ 10 ಇರ್ಬೇಕು. ಯಾರಾದ್ರೂ ಬೇರೆ ಎಣ್ಣೆ ಬೆರೆಸಿದ್ರೆ ಎಷ್ಟೋ ಸಲ ಇಲ್ಲೇ ಸಿಕ್ಕಾಕ್ಕೊಳ್ಳೋದು.

ಶೇಂಗಾ_ಹೊಲ:
ಅಣ್ಣ ಹಂಗಾದ್ರೆ ವನಸ್ಪತಿ ಮಾಡೋದು ಜೋಡಿ ಬಂಧ ತೆಗೆಯೋದಾ?

ಗಾಣದ_ಮನೆ:
ಹೂಂ. ನಿಕಲ್ ಪುಡಿ ಹಾಕಿ ಹೈಡ್ರೋಜನ್ ಬಿಟ್ರೆ ಜೋಡಿ ಬಂಧಕ್ಕೆ ಹೈಡ್ರೋಜನ್ ಸೇರಿ ಒಂಟಿ ಬಂಧ ಆಗುತ್ತೆ, ಎಣ್ಣೆ ಗಟ್ಟಿ ಆಗುತ್ತೆ. ಪೂರ್ತಿ ಮಾಡ್ದೇ ಅರ್ಧಕ್ಕೆ ನಿಲ್ಸಿದ್ರೆ ಉಳಿದ ಕೆಲವು ಜೋಡಿ ಬಂಧ ತಿರುಗಿ ನೆಟ್ಟಗಾಗ್ತವೆ, ಅದೇ ಟ್ರಾನ್ಸ್ ಫ್ಯಾಟ್, ಹೃದಯಕ್ಕೆ ಕೆಟ್ಟದ್ದು. 2022ರಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬಲ್ಲಿ ಅದು 2 ಪರ್ಸೆಂಟ್ ದಾಟಂಗಿಲ್ಲ ಅಂತ ರೂಲ್ ಐತೆ.

ತೋಳಹುಣಸೆ_ಅಕ್ಕ:
ಗಾಣದವ್ರು ನನ್ನ ಸಿಸ್-ಟ್ರಾನ್ಸ್ ಪಾಠಾನೇ ಮಾಡಿಬಿಟ್ರು 🙏 ಸರಪಳಿ ಬಗ್ಗಿದ್ದು ಸಿಸ್, ನೆಟ್ಟಗಿದ್ದು ಟ್ರಾನ್ಸ್. ಒಂಟಿ ಬಂಧ ಸುತ್ತ ತಿರುಗ್ಬಹುದು, ಜೋಡಿ ಬಂಧ ಸುಮ್ನೆ ತಿರುಗಲ್ಲ (ನಿಕಲ್ ಮೇಲೆ ಬಿಚ್ಚಿ ಮತ್ತೆ ಕಟ್ಕೊಂಡಾಗ ಮಾತ್ರ), ಅದಕ್ಕೇ ಎರಡು ಬೇರೆ ಆಕಾರ ಬೇರೆ ಬೇರೆ ವಸ್ತುವಾಗೇ ಉಳೀತವೆ.

ಶೇಂಗಾ_ಹೊಲ:
ಈಗ ಸ್ವಲ್ಪ ಧೈರ್ಯ ಬಂತು. ಇನ್ನು ಬಾಣ. ಪ್ರೊಪೀನ್‌ಗೆ (ಮೂರು ಕಾರ್ಬನ್, ಒಂದು ತುದೀಲಿ ಜೋಡಿ ಬಂಧ) ಎಚ್‌ಬಿಆರ್, ಅಂದ್ರೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದ್ರೆ ಬ್ರೋಮಿನ್ ನಡು ಕಾರ್ಬನ್‌ಗೇ ಯಾಕೆ ಹೋಗುತ್ತೆ? ಮಾರ್ಕೊವ್ನಿಕಾಫ್ ರೂಲ್ ಅಂದ್ರು. ರೂಲ್ ಹೇಳಿದ್ರೆ ಹೆಂಗೆ, ಕಾರಣ ಏನು?

ಪಿಬಿ_ರೋಡ್:
ಹೈಡ್ರೋಜನ್ ಜಾಸ್ತಿ ಇರೋ ಕಾರ್ಬನ್‌ಗೆ ಹೈಡ್ರೋಜನ್. ಇದ್ದೋರಿಗೇ ಇನ್ನಷ್ಟು. ಮುಗೀತು.

ತೋಳಹುಣಸೆ_ಅಕ್ಕ:
ಮುಗೀಲಿಲ್ಲ ಸರ್, ಪೆರಾಕ್ಸೈಡ್ ಹಾಕಿದ್ರೆ ಎಚ್‌ಬಿಆರ್ ಉಲ್ಟಾ ಸೇರುತ್ತೆ, ಆಗ ಈ ಗಾದೆ ಕೈ ಕೊಡುತ್ತೆ. 1933ರಲ್ಲೇ ಖರಾಶ್ ಅನ್ನೋ ಕೆಮಿಸ್ಟ್ ಮತ್ತೆ ಅವ್ರ ಜತೆಯವ್ರು ಅದನ್ನ ತೋರ್ಸಿದ್ದು. ಕಾರಣ ಗೊತ್ತಿದ್ರೆ ಎರಡೂ ನೆನಪಿರುತ್ತೆ.

ಪುಟ್ಟ, ಕೇಳು. ಜೋಡಿ ಬಂಧ ಅಂದ್ರೆ ಅಲ್ಲಿ ಎಲೆಕ್ಟ್ರಾನ್ ಜಾಸ್ತಿ ಐತೆ. ಎಚ್‌ಬಿಆರ್‌ನಲ್ಲಿ ಬ್ರೋಮಿನ್ ಎಲೆಕ್ಟ್ರಾನ್ ತನ್ನ ಕಡೆ ಎಳ್ಕೊಂಡಿರುತ್ತೆ, ಹಂಗಾಗಿ ಹೈಡ್ರೋಜನ್‌ಗೆ ಕಮ್ಮಿ. ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ಬಾಣ. ಬಾಣದ ಬಾಲ ಜೋಡಿ ಬಂಧದ ಮೇಲೆ, ತಲೆ ಹೈಡ್ರೋಜನ್ ಮೇಲೆ. ಅರ್ಧ ಕ್ಲಾಸು ಉಲ್ಟಾ ಬರೀತಾರೆ, ಹೈಡ್ರೋಜನ್ನೇ ಹೋಗಿ ಸೇರ್ತದಲ್ಲ ಅಂದ್ಕೊಂಡು. ಬಾಣ ತೋರ್ಸೋದು ಎಲೆಕ್ಟ್ರಾನ್ ಹೋಗೋ ದಾರಿ, ಪರಮಾಣು ಹೋಗೋ ದಾರಿ ಅಲ್ಲ.

ಈಗ ಹೈಡ್ರೋಜನ್ ತುದಿ ಕಾರ್ಬನ್‌ಗೆ ಸೇರಿದ್ರೆ ನಡು ಕಾರ್ಬನ್ ಎಲೆಕ್ಟ್ರಾನ್ ಕಳ್ಕೊಂಡು ಪ್ಲಸ್ ಆಗುತ್ತೆ. ನಡುವಿಗೆ ಸೇರಿದ್ರೆ ತುದಿ ಕಾರ್ಬನ್ ಪ್ಲಸ್. ನಡು ಕಾರ್ಬನ್ನಿಗೆ ಎರಡೂ ಕಡೆ ಕಾರ್ಬನ್ ಗುಂಪು ಐತೆ, ಕೈ ಖಾಲಿ ಆದಾಗ ಎರಡು ಮನೆಯವ್ರೂ ಅಷ್ಟಿಷ್ಟು ಸಾಲ ಕೊಟ್ಟಂಗೆ ಎಲೆಕ್ಟ್ರಾನ್ ಸ್ವಲ್ಪ ಸ್ವಲ್ಪ ಈ ಕಡೆ ತಳ್ತಾರೆ. ತುದಿಯವನಿಗೆ ಒಂದೇ ಮನೆ. ಅದಕ್ಕೇ ನಡು ಪ್ಲಸ್ ಸುಲಭವಾಗಿ ಆಗುತ್ತೆ, ಮೈನಸ್ ಇರೋ ಬ್ರೋಮೈಡ್ ಬಂದು ಅಲ್ಲೇ ಕೂರುತ್ತೆ, 2-ಬ್ರೋಮೋಪ್ರೊಪೇನ್. ಪೆರಾಕ್ಸೈಡ್ ಇದ್ರೆ ಮೊದ್ಲು ಸೇರೋದು ಹೈಡ್ರೋಜನ್ ಅಲ್ಲ, ಬ್ರೋಮಿನ್ ರಾಡಿಕಲ್, ಅಂದ್ರೆ ಜೋಡಿ ಇಲ್ಲದ ಒಂದು ಎಲೆಕ್ಟ್ರಾನ್ ಇರೋ ಬ್ರೋಮಿನ್. ಅದು ತುದಿಗೆ ಸೇರಿದ್ರೇನೇ ನಡುವೆ ಗಟ್ಟಿ ರಾಡಿಕಲ್ ಉಳಿಯೋದು, ಹಂಗಾಗಿ 1-ಬ್ರೋಮೋಪ್ರೊಪೇನ್. ಎರಡೂ ಕಡೆ ಲಾಜಿಕ್ ಒಂದೇ.

ಎಸ್ಟರ್‌ಗೂ ಹಿಂಗೇ. ಜೋಡಿ ಬಂಧದ ಆಕ್ಸಿಜನ್ ಎಳ್ಕೊಂಡು ಕಾರ್ಬನ್‌ನ ಸ್ವಲ್ಪ ಪ್ಲಸ್ ಮಾಡಿರುತ್ತೆ, ನೀರಿನ ಆಕ್ಸಿಜನ್ ತನ್ನ ಒಂಟಿ ಜೋಡಿ (ಬಂಧಕ್ಕೆ ಸೇರದ ಎಲೆಕ್ಟ್ರಾನ್ ಜೋಡಿ) ಹಿಡ್ಕೊಂಡು ಅಲ್ಲಿಗೇ ಬರುತ್ತೆ. ಆಸ್ಪಿರಿನ್ ಡಬ್ಬೀಲಿ ನಡೆಯೋದು ಇದೇ.

ಪಿಬಿ_ರೋಡ್:
ಹ್ಮ್. ಪೆರಾಕ್ಸೈಡ್‌ದು ಹಿಂಗೆ ಯಾರೂ ಹೇಳಿರ್ಲಿಲ್ಲ. ಆದ್ರೂ ಚಾರ್ಟ್ ಬೇಕು ಅಂತೀನಿ.

ತೋಳಹುಣಸೆ_ಅಕ್ಕ:
ಬೇಕು, ಬೇಡ ಅಂದವ್ರ್ಯಾರು? ಯಾವ ರಿಯಾಕ್ಷನ್‌ಗೆ ಯಾವ ರಿಯೇಜೆಂಟ್ ಅನ್ನೋದು ನೆನಪಿಡ್ಲೇಬೇಕು, ಅದು ಲಾಜಿಕ್‌ನಿಂದ ಬರಲ್ಲ. ಮೊದಲ ತಿಂಗಳು ಬೇಡ ಅಂತ ಅಷ್ಟೇ.

ದುರ್ಗದ_ಫಾರ್ಮಸಿ:
ಎಥನಾಲ್‌ನಲ್ಲೂ ಓಎಚ್ ಐತೆ, ಅಸಿಟಿಕ್ ಆಸಿಡ್‌ನಲ್ಲೂ ಓಎಚ್ ಐತೆ, ವಿನೆಗರ್‌ಗೆ ಅಡುಗೆ ಸೋಡಾ ಹಾಕಿದ್ರೆ ಬುಸ್ ಅಂತ ನೊರೆ, ಸ್ಪಿರಿಟ್‌ಗೆ ಹಾಕಿದ್ರೆ ಏನೂ ಇಲ್ಲ. ಯಾಕೆ ಅಂತ ಹುಡುಗನಿಗೆ ಹೋಂವರ್ಕ್ ಕೊಡಿ ಮೇಡಂ.

ಶೇಂಗಾ_ಹೊಲ:
ಟ್ರೈ ಮಾಡ್ತೀನಿ. ಆಸಿಡ್‌ನಲ್ಲಿ ಪಕ್ಕದಲ್ಲೇ ಇನ್ನೊಂದು ಆಕ್ಸಿಜನ್ ಐತೆ, ಅದು ಎಲೆಕ್ಟ್ರಾನ್ ಎಳೀತದೆ, ಅದಕ್ಕೆ ಹೈಡ್ರೋಜನ್ ಸುಲಭವಾಗಿ ಬಿಟ್ಕೊಡುತ್ತೆ?

ತೋಳಹುಣಸೆ_ಅಕ್ಕ:
ಅರ್ಧ ಸರಿ. ಇನ್ನರ್ಧ, ಹೈಡ್ರೋಜನ್ ಹೋದ ಮೇಲೆ ಉಳಿಯೋ ಮೈನಸ್ ಎರಡು ಆಕ್ಸಿಜನ್‌ಗೂ ಹಂಚಿ ಹೋಗುತ್ತೆ, ಎಥನಾಲ್‌ನಲ್ಲಿ ಒಂದೇ ಆಕ್ಸಿಜನ್ ಆ ಭಾರ ಪೂರ್ತಿ ಹೊರ್ಬೇಕು. ಪಿಕೆಎ ಅಂತ ಮುಂದೆ ಬರುತ್ತೆ, ಕಮ್ಮಿ ಇದ್ದಷ್ಟೂ ಆಸಿಡ್ ಜೋರು. ಅಸಿಟಿಕ್ ಆಸಿಡ್ 4.76, ಎಥನಾಲ್ ಸುಮಾರು 16. ಅಸಿಟಿಕ್ ಆಸಿಡ್‌ನ ಒಂದು ಹೈಡ್ರೋಜನ್ ತೆಗೆದು ಕ್ಲೋರಿನ್ ಹಾಕಿದ್ರೆ 2.86ಕ್ಕೆ ಇಳಿಯುತ್ತೆ, ಕ್ಲೋರಿನ್ನೂ ಎಳೆಯೋನೇ ಅಲ್ವಾ.

ಬೆಣ್ಣೆದೋಸೆ_ಬಾಯ್:
ಇಷ್ಟು ಚೆನ್ನಾಗಿ ನಮಗ್ಯಾರಾದ್ರೂ ಹೇಳಿದ್ರೆ ಸಿವಿಲ್ ಬಿಟ್ಟು ಕೆಮಿಕಲ್ ತಗೋತಿದ್ನೇನೋ. ಅಕ್ಕಾ ಒಂದು ಸಿಲ್ಲಿ ಪ್ರಶ್ನೆ, ಸಂತೇಲಿ ಆರ್ಗ್ಯಾನಿಕ್ ಬೆಲ್ಲ ಅಂತ ಮಾರ್ತಾರಲ್ಲ ಅದಕ್ಕೂ ಇದಕ್ಕೂ ಸಂಬಂಧ ಐತಾ? ಯೂರಿಯಾ ಹಾಕಿದ್ರೆ ಆರ್ಗ್ಯಾನಿಕ್ ಅಲ್ಲ ಅಂತಾರೆ.

ತೋಳಹುಣಸೆ_ಅಕ್ಕ:
ಸಂತೆ ಲೆಕ್ಕ ಬೇರೆ, ಅದು ಬೇಸಾಯದ ರೀತಿ. ಕೆಮಿಸ್ಟ್ರಿ ಲೆಕ್ಕದಲ್ಲಿ ನಿಮ್ಮ ಭದ್ರಾ ನಾಲೆ ಗದ್ದೆಗೆ ಎರಚೋ ಯೂರಿಯಾ ಪಕ್ಕಾ ಆರ್ಗ್ಯಾನಿಕ್. ಅಷ್ಟೇ ಅಲ್ಲ, ಈ ಸಬ್ಜೆಕ್ಟ್ ಕಥೆಯಲ್ಲಿ ಅದಕ್ಕೆ ದೊಡ್ಡ ಜಾಗ ಐತೆ. ಜೀವಿಗಳಲ್ಲಿ ಸಿಗೋ ವಸ್ತು ಮಾಡೋಕೆ ಏನೋ ಒಂದು ಜೀವಶಕ್ತಿ ಬೇಕು, ಲ್ಯಾಬಲ್ಲಿ ಆಗಲ್ಲ ಅಂತ ಆಗ ನಂಬಿದ್ರು. 1828ರಲ್ಲಿ ವೋಲರ್ ಅನ್ನೋ ಜರ್ಮನಿಯವ್ನು ಅಮೋನಿಯಂ ಸಯನೇಟ್ ಮಾಡೋಕೆ ಹೋಗಿ ಯೂರಿಯಾ ಪಡ್ಕೊಂಡ, ಮೂತ್ರದಲ್ಲಿ ಸಿಗೋ ಅದೇ ಯೂರಿಯಾ. ಒಂದೇ ದಿನಕ್ಕೆ ಎಲ್ರೂ ಒಪ್ಪಿದ್ರು ಅಂತ ಪುಸ್ತಕದಲ್ಲಿ ಬರೆಯೋದು ಸ್ವಲ್ಪ ಬಣ್ಣ, 1845ರಲ್ಲಿ ಕೋಲ್ಬೆ ಅಸಿಟಿಕ್ ಆಸಿಡ್ ಮಾಡೋವರೆಗೂ, ಆಮೇಲೂ ವಾದ ನಡೀತಾನೇ ಇತ್ತು. ನಂಗೆ ಇದ್ರಲ್ಲಿ ಹೆಚ್ಚು ಇಷ್ಟ ಆಗೋದು ಬೇರೆ: ಅಮೋನಿಯಂ ಸಯನೇಟ್‌ನಲ್ಲಿ ಎಷ್ಟು ಪರಮಾಣು ಇವೆಯೋ ಯೂರಿಯಾದಲ್ಲೂ ಅಷ್ಟೇ, ಅವೇ. ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್, ಎರಡು ನೈಟ್ರೋಜನ್, ಒಂದು ಆಕ್ಸಿಜನ್. ಜೋಡಣೆ ಬದಲಾದ್ರೆ ವಸ್ತುವೇ ಬೇರೆ. ಐಸೋಮರ್ ಅಂದ್ರೆ ಇದು.

ಶೇಂಗಾ ಹೊಲದವ್ನೇ, ನಿಂಗೆ ಕೊನೇ ಕೆಲಸ. ಸಿ4ಎಚ್10ಓ. ಎಷ್ಟು ಥರ ಜೋಡಿಸ್ಬಹುದು ಬರೆದು ಹಾಕು, ಹೆಸರು ಸಮೇತ. ಗೂಗಲ್ ಮಾಡಂಗಿಲ್ಲ.

ಶೇಂಗಾ_ಹೊಲ:
ಬರೆದೆ ಅಕ್ಕ, ಬಟಾಣಿ ಇಟ್ಕೊಂಡೇ ಮಾಡಿದ್ದು.
ಬ್ಯುಟನ್-1-ಆಲ್, ಬ್ಯುಟನ್-2-ಆಲ್, ಬ್ಯುಟನ್-3-ಆಲ್, 2-ಮೀಥೈಲ್‌ಪ್ರೊಪನ್-1-ಆಲ್, 2-ಮೀಥೈಲ್‌ಪ್ರೊಪನ್-2-ಆಲ್, ಆಮೇಲೆ ಆಕ್ಸಿಜನ್ ನಡುವೆ ಬರೋದು ಡೈಎಥೈಲ್ ಈಥರ್, ಮೀಥೈಲ್ ಪ್ರೊಪೈಲ್ ಈಥರ್. ಒಟ್ಟು ಏಳು.

ಗಾಣದ_ಮನೆ:
ಏಳು ಅನ್ನೋದು ಸರಿ, ಪಟ್ಟಿ ತಪ್ಪು 😄 ಬ್ಯುಟನ್-3-ಆಲ್ ಕಡ್ಡಿ ಹಿಡ್ಕೊಂಡು ಆ ಕಡೆಯಿಂದ ಎಣಿಸು.

ಶೇಂಗಾ_ಹೊಲ:
ಓಹ್ ಅದು ಬ್ಯುಟನ್-2-ಆಲ್ಲೇ. ಹಂಗಾದ್ರೆ ಒಂದು ಬಿಟ್ಟೋಗಿದೆ... ಈಥರ್‌ನಲ್ಲಿ ಪ್ರೊಪೈಲ್ ನಡು ಕಾರ್ಬನ್‌ಗೆ ಆಕ್ಸಿಜನ್ ಹಾಕ್ಬಹುದು! 2-ಮೀಥಾಕ್ಸಿಪ್ರೊಪೇನ್?

ತೋಳಹುಣಸೆ_ಅಕ್ಕ:
ಭೇಷ್. ನಾಲ್ಕು ಆಲ್ಕೋಹಾಲ್, ಮೂರು ಈಥರ್. ನಂಬರ್ ಕೊಡೋವಾಗ ಯಾವಾಗ್ಲೂ ಎರಡೂ ತುದಿಯಿಂದ ಎಣಿಸಿ ಚಿಕ್ಕದು ಬರೋ ಕಡೆ ಹಿಡಿ. ಅದರ ಜತೆ ಉದ್ದ ಸರಪಳಿ ಹುಡುಕೋದು. ಪ್ರೊಪೇನ್ ನಡುವೆ ಎಥೈಲ್ ಇಟ್ಟು 2-ಎಥೈಲ್‌ಪ್ರೊಪೇನ್ ಅಂತ ಬರೆಯೋರು ಪ್ರತಿ ವರ್ಷ ಇರ್ತಾರೆ, ಸರಿಯಾಗಿ ನೋಡಿದ್ರೆ ಅಲ್ಲಿ ಉದ್ದ ದಾರಿ ನಾಲ್ಕು ಕಾರ್ಬನ್ನಿಂದು, ಅದು 2-ಮೀಥೈಲ್‌ಬ್ಯುಟೇನ್.

ಇನ್ನು ನಿನ್ನ ಪಟ್ಟೀಲಿ ಎರಡು ನೋಡು. ಬ್ಯುಟನ್-1-ಆಲ್ ಕುದಿಯೋದು 118 ಡಿಗ್ರಿ ಹತ್ರ. ಡೈಎಥೈಲ್ ಈಥರ್ 34.6. ಏಪ್ರಿಲ್ ಮಧ್ಯಾಹ್ನ ದುರ್ಗದಲ್ಲಿ ಬಾಟ್ಲು ತೆರೆದಿಟ್ರೆ ಈಥರ್ ಕುದ್ದು ಹೋಗುತ್ತೆ, ಅದರ ಆವಿಗೆ ಬೆಂಕಿ ಬೇಗ ಹತ್ತುತ್ತೆ ಬೇರೆ, ಲ್ಯಾಬಲ್ಲಿ ಬರ್ನರ್ ಹತ್ರ ತರ್ಬೇಡಿ. ಸೂತ್ರ ಒಂದೇ, ತೂಕ ಒಂದೇ, ಇಷ್ಟೊಂದು ವ್ಯತ್ಯಾಸ ಯಾಕೆ ಹೇಳು?

ಶೇಂಗಾ_ಹೊಲ:
ಆಲ್ಕೋಹಾಲ್‌ನಲ್ಲಿ ಹೈಡ್ರೋಜನ್ ನೇರವಾಗಿ ಆಕ್ಸಿಜನ್‌ಗೆ ಅಂಟಿಕೊಂಡಿದೆ, ಆ ಹೈಡ್ರೋಜನ್‌ಗೆ ಎಲೆಕ್ಟ್ರಾನ್ ಕಮ್ಮಿ, ಪಕ್ಕದ ಅಣುವಿನ ಆಕ್ಸಿಜನ್ ಅದನ್ನ ಎಳೀತದೆ. ಹೈಡ್ರೋಜನ್ ಬಾಂಡ್. ಈಥರ್‌ನಲ್ಲಿ ಆಕ್ಸಿಜನ್ ಐತೆ ಆದ್ರೆ ಹಂಗೆ ಕೊಡೋ ಹೈಡ್ರೋಜನ್ ಇಲ್ಲ.

ಪಿಬಿ_ರೋಡ್:
ಇವ್ನು ಪಾಸು.

ದುರ್ಗದ_ಫಾರ್ಮಸಿ:
ಒಂದು ಕೊಂಕು ತೆಗೀಲಾ? ಬ್ಯುಟನ್-2-ಆಲ್‌ನ ಎರಡನೇ ಕಾರ್ಬನ್‌ಗೆ ನಾಲ್ಕೂ ಬೇರೆ ಬೇರೆ ಗುಂಪು, ಓಎಚ್, ಎಚ್, ಮೀಥೈಲ್, ಎಥೈಲ್. ಕನ್ನಡಿ ರೂಪ ಬೇರೆ ಆಗುತ್ತೆ, ಒಂದರ ಮೇಲೊಂದು ಕೂರಲ್ಲ. ಅದನ್ನೂ ಎಣಿಸಿದ್ರೆ ಎಂಟು. ಔಷಧಿ ಕೆಲಸದಲ್ಲಿ ಈ ಎಡ ಬಲ ತುಂಬಾ ಮುಖ್ಯ, ಒಂದು ಕೆಲಸ ಮಾಡುತ್ತೆ ಇನ್ನೊಂದು ಮಾಡಲ್ಲ ಅಂತ ಆಗುತ್ತೆ.

ತೋಳಹುಣಸೆ_ಅಕ್ಕ:
ನಿಜ ಸರ್, ಬರೀ ಜೋಡಣೆ ಲೆಕ್ಕ ಏಳು, ಆಕಾರಾನೂ ಸೇರಿಸಿದ್ರೆ ಎಂಟು. ಅವ್ನಿಗೆ ಅದು ಸೆಕೆಂಡ್ ಪಿಯು ಹ್ಯಾಲೋಆಲ್ಕೇನ್ ಪಾಠದಲ್ಲಿ ಬರುತ್ತೆ. ಆದ್ರೆ ಬಟಾಣಿ ಇನ್ನೂ ಉಳಿದಿದ್ರೆ ಈಗ್ಲೇ ಎರಡು ಮಾಡಿ ನೋಡ್ಲಿ.

ಶೇಂಗಾ_ಹೊಲ:
ಬಟಾಣಿ ಮೊಳಕೆ ಒಡೀತಾ ಐತೆ ಅಕ್ಕ, ಹೊಸದು ನೆನೆಹಾಕಿದೀನಿ. ನಾಲ್ಕು ಗುಂಪಿಗೆ ನಾಲ್ಕು ಬಣ್ಣ ಹಚ್ಚಬೇಕಾ, ಇಲ್ಲಾ ಬೇರೆ ಬೇರೆ ಕಾಳು ಸಿಗಿಸಿದ್ರೆ ಸಾಕಾ?

ಗಾಣದ_ಮನೆ:
ಕಡ್ಲೆ, ಹೆಸರುಕಾಳು, ಅಲಸಂದೆ, ಶೇಂಗಾ. ಎಲ್ಲಾ ನೆನೆಹಾಕಿದ್ರೇನೇ ಕಡ್ಡಿ ಚುಚ್ಚೋದು.